ಸೀಟ್ ಕವರ್ ಹೊಲಿಯುವವನ ಎಂಜಿನ್ ಪಾಂಡಿತ್ಯ

ನಾನು ಕಾರುಗಳ ಸೀಟಿಗೆ ಕವರ್ ಹೊಲಿಯುವವನು. ನಮ್ಮೂರಿನಲ್ಲಿ ನಾನು ಕೂರದ ಕಾರಿಲ್ಲ. ಆದರೆ ನಾನು ಕೂತಿದ್ದಾಗ ಯಾವ ಕಾರೂ ಒಂದು ಗೇಣು ಮುಂದಕ್ಕೆ ಹೋಗಿಲ್ಲ. ಸೀಟು ಅಳೆಯುವುದು, ರೆಕ್ಸಿನ್ ಕತ್ತರಿಸುವುದು, ದಪ್ಪ ಸೂಜಿಯ ಮಷೀನಿನಲ್ಲಿ ಹೊಲಿಯುವುದು, ಆಮೇಲೆ ಸೀಟಿನ ಕೆಳಗೆ ತಲೆ ತೂರಿಸಿ ಕೊಕ್ಕೆ ಸಿಕ್ಕಿಸುವುದು, ಇಷ್ಟೇ ನನ್ನ ಕೆಲಸ. ಬಾನೆಟ್ ಎತ್ತುವ ಪ್ರಸಂಗವೇ ಬರುವುದಿಲ್ಲ. ಇಂಥ ನಾನು ಎಂಜಿನ್ ಬಗ್ಗೆ ಮಾತಿಗೆ ನಿಂತರೆ ಎದುರಿಗಿದ್ದವರು ಚಹಾ ಆರುವುದನ್ನೂ ಮರೆತು ಕೇಳಬೇಕು ಎಂಬುದು ನನ್ನ ಆಸೆ. ಅವರು ಮರೆಯುವುದಿಲ್ಲ. ಕುಡಿದು ಎದ್ದು ಹೋಗುತ್ತಾರೆ.

ಎದ್ದು ಹೋಗದವರು ಒಬ್ಬರೇ, ನನ್ನ ಹೆಂಡತಿಯ ಅಣ್ಣ. ಪಕ್ಕದ ಮಳಿಗೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದಾರೆ. ಸ್ಟಾರ್ಟ್ ಆಗದ ಗಾಡಿಗಳು ಮಾತ್ರ ಅವರ ಬಳಿ ಬರುತ್ತವೆ. ಸ್ಟಾರ್ಟ್ ಆದ ಕೂಡಲೇ ಹೊರಟುಹೋಗುತ್ತವೆ. ಹಾಗಾಗಿ ಎಂಜಿನ್ನಿನಲ್ಲಿ ಅವರಿಗೂ ನನ್ನಷ್ಟೇ ಅನುಭವ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಮನೆಯಲ್ಲಿ ಅಡುಗೆಮನೆಯಿಂದ ಕೇಳುವವರಿಗೆ ಯಾರೋ ಒಬ್ಬ ತನ್ನ ಜೊತೆ ತಾನೇ ಜಗಳ ಆಡುತ್ತಿದ್ದಾನೆ ಅನ್ನಿಸುತ್ತದೆ ಎಂದು ನನ್ನವಳ ದೂರು.

ಜಗಳಕ್ಕೆ ಕಾರಣ ಒಂದು ಪಿಕಪ್ ಟ್ರಕ್. ಬಂಡೆ, ಮರಳು, ಹಳ್ಳ ಯಾವುದಕ್ಕೂ ಜಗ್ಗದೆ ನುಗ್ಗುವ ಗಾಡಿ. ಅದು ಎರಡು ಬಗೆಯ ಎಂಜಿನ್ನಿನಲ್ಲಿ ಸಿಗುತ್ತದೆ: ಒಂದು, ಎಂಟು ಸಿಲಿಂಡರಿನ ಹಳೇ ಧಾಟಿಯ ವಿ-ಏಟ್, ಇನ್ನೊಂದು, ಆರೇ ಸಿಲಿಂಡರಿಗೆ ಎರಡು ಟರ್ಬೋ ಕೂಡಿಸಿದ ವಿ-ಸಿಕ್ಸ್. ಭಾವನವರದು ವಿ-ಏಟ್ ಪಕ್ಷ, ನನ್ನದು ಟರ್ಬೋ ಪಕ್ಷ. ಗಾಡಿಯನ್ನು ಇಬ್ಬರೂ ಕಣ್ಣಾರೆ ಕಂಡಿಲ್ಲ. ಮೊಬೈಲಿನಲ್ಲಿ ನೋಡಿದ್ದೇವೆ. ಕೊಳ್ಳುವ ಮಾತು ಹಾಗಿರಲಿ, ನಮ್ಮ ಓಣಿಯಲ್ಲಿ ಅದನ್ನು ತಿರುಗಿಸುವುದಕ್ಕೂ ಜಾಗ ಸಾಲದು.

“ಎತ್ತರಕ್ಕೆ ಹೋದ್ರೆ ಗಾಳಿ ತೆಳು ಭಾವ. ನಿಮ್ಮ ವಿ-ಏಟ್‌ಗೆ ಉಸಿರು ಕಟ್ಟುತ್ತೆ. ಟರ್ಬೋ ಆದ್ರೆ ಗಾಳಿನ ಒತ್ತಿ ಒತ್ತಿ ಕೊಡುತ್ತೆ,” ಅನ್ನುತ್ತೇನೆ ನಾನು, ಸೂಜಿಗೆ ದಾರ ಪೋಣಿಸುತ್ತಾ.

“ಪೈಪು ಜಾಸ್ತಿ ಆದಷ್ಟೂ ರಿಪೇರಿ ಜಾಸ್ತಿ. ಅದೂ ಅಲ್ದೆ ಅದರ ಸದ್ದು ಕೇಳಿದೀರಾ ಭಾವ? ಮಿಕ್ಸಿ ಥರ ಇದೆ. ವಿ-ಏಟ್ ಗುಡುಗುತ್ತೆ,” ಅನ್ನುತ್ತಾರೆ ಅವರು.

ಭಾವನವರ ಊಟವೂ ನಮ್ಮ ಮನೆಯಲ್ಲೇ. ಅಂಗಡಿ ಬಾಗಿಲು ಎಳೆದ ಮೇಲೆ ಈ ವಾದವೂ ನಮ್ಮ ಜೊತೆ ಮನೆಗೆ ಬಂದು ಊಟಕ್ಕೆ ಕೂರುತ್ತದೆ.

ಮನೆಯಲ್ಲಿ ನಿಜವಾಗಿ ಗಾಡಿ ಓಡಿಸುವವಳು ನನ್ನ ಮಗಳೊಬ್ಬಳೇ. ಗುಡ್ಡದಲ್ಲಿ ದಾರಿ ತಪ್ಪಿದವರನ್ನು, ಜಾರಿ ಬಿದ್ದವರನ್ನು ಹುಡುಕಿ ತರುವ ರಕ್ಷಣಾ ತಂಡದಲ್ಲಿ ಅವಳು ಡ್ರೈವರ್. ಆದ್ದರಿಂದಲೇ ಇರಬೇಕು, ಈ ವಿಷಯದಲ್ಲಿ ಅವಳ ಅಭಿಪ್ರಾಯ ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೋದ ಭಾನುವಾರ ಊಟ ಮುಗಿಯುವ ಹೊತ್ತಿಗೆ ಅವಳೇ ಬಾಯಿ ಬಿಟ್ಟಳು. “ಅಪ್ಪಾ, ನಮ್ಮ ತಂಡಕ್ಕೆ ಹೊಸ ಗಾಡಿ ಬರ್ತಿದೆ. ನೀನೂ ಮಾವನೂ ದಿನಾ ಕಿತ್ತಾಡ್ತೀರಲ್ಲ, ಅದೇ. ಓಡಿಸೋಳು ನೀನು, ಯಾವ ಎಂಜಿನ್ ಬೇಕೋ ನೀನೇ ಹೇಳು ಅಂದಿದಾರೆ. ಸಂಜೆ ಒಳಗೆ ಹೇಳ್ಬೇಕು.”

ನಾನು ಹಿಗ್ಗಿ ಹೀರೇಕಾಯಿಯಾದೆ. ಕೈ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡು, ಮೇಜಿನ ಮೇಲೆ ಆರು ಚಮಚಗಳನ್ನು ಸಿಲಿಂಡರಿನಂತೆ ಎರಡು ಸಾಲು ಜೋಡಿಸಿ ಭಾಷಣ ಶುರು ಮಾಡಿದೆ. ಭಾವನವರು ನಡುವೆ ಬಾಯಿ ಹಾಕಿ ಇನ್ನೆರಡು ಚಮಚ ಸೇರಿಸಿದರು. ನಾನು ತೆಗೆದೆ. ಅವರು ಮತ್ತೆ ಇಟ್ಟರು. ಪ್ರಶ್ನೆ ಕೇಳಿದವಳು ಎದುರಿಗೇ ಇದ್ದಾಳೆ ಎಂಬುದು ಇಬ್ಬರಿಗೂ ಮರೆತೇ ಹೋಯಿತು. ಕೊನೆಗೆ ನನ್ನವಳು ಚಮಚಗಳನ್ನೆಲ್ಲ ಬಾಚಿ ತೊಳೆಯಲು ಒಯ್ದಳು.

“ನನಗೆ ಬೇಕಾಗಿರೋದೇ ಬೇರೆ,” ಅಂದಳು ಮಗಳು. “ಯಾರನ್ನಾದ್ರೂ ಹುಡುಕುವಾಗ ನಾವು ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಒಂದು ಸಲ ಕೂಗ್ತೀವಿ. ಆಮೇಲೆ ಉಸಿರು ಬಿಗಿ ಹಿಡಿದು ಕೇಳ್ತೀವಿ, ಯಾರಾದ್ರೂ ಓಗೊಡ್ತಾರಾ ಅಂತ. ಈಗಿರೋ ಗಾಡಿ ಮುದಿಯಾಗಿದೆ. ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಅನ್ನೋ ಭಯ. ಆ ಭಯಕ್ಕೆ ಹೋದ ತಿಂಗಳು ಆರಿಸದೇ ಹೋಗಿಬಿಟ್ವಿ. ಕೆಳಗೆ ಒಬ್ಬ ಅಜ್ಜ ಬಿದ್ದಿದ್ರು. ಕೂಗ್ತಾನೇ ಇದ್ರಂತೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅವರ ತಲೆ ಮೇಲೇ ಹಾದು ಹೋಗಿದೀವಿ.”

“ಆಮೇಲೆ?”

“ಮಾರನೇ ದಿನ ಸಿಕ್ಕರು. ಬದುಕಿದಾರೆ. ಕಾಲು ಉಳೀಲಿಲ್ಲ.” ಅವಳು ನೀರು ಕುಡಿದಳು. “ಏರು ಹತ್ತಿ ಕಾದಿರೋ ಎಂಜಿನ್ನನ್ನ ಯೋಚನೆ ಮಾಡ್ದೆ ಆರಿಸಬೇಕು ಅಂದ್ರೆ ಎರಡರಲ್ಲಿ ಯಾವುದು ಒಳ್ಳೇದು ಅಪ್ಪಾ?”

ಟರ್ಬೋಗೆ ಇರುವ ಒಂದು ತೊಂದರೆಯೇ ಅದು. ಏರು ಹತ್ತಿ ಕೆಂಪಗೆ ಕಾದಾಗ ತಟಕ್ಕನೆ ಆರಿಸಿದರೆ ಒಳಗಿನ ಆಯಿಲ್ ನಿಂತಲ್ಲೇ ಸೀಯುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ತಣಿಸಿ ಆಮೇಲೆ ಆರಿಸಬೇಕು. ಇದು ನನಗೆ ಗೊತ್ತಿತ್ತು. ಭಾವನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮ್ಮ ವಾದ ಎಂದೋ ಮುಗಿದು ನಾನು ಮುಖ ಸಪ್ಪೆ ಮಾಡಿಕೊಂಡು ಕೂರುತ್ತಿದ್ದೆ. ಈಗಲೂ ತುಟಿ ಪಿಟಕ್ಕೆನ್ನದೆ ಇದ್ದರೆ ಗೆಲುವು ನನ್ನದೇ. ಜನ್ಮವಿಡೀ ಮುಚ್ಚದ ಬಾಯಿ ಆ ಕ್ಷಣದಲ್ಲಿ ಮೌನದ ಮಹಿಮೆಯನ್ನು ಕಂಡುಕೊಳ್ಳುತ್ತಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದ್ದನ್ನು ನಂಬಿ ಅವಳು ಗುಡ್ಡ ಹತ್ತುತ್ತಾಳೆ, ಎಂಜಿನ್ ಹಾಳಾದೀತೆಂದು ಯಾವುದೋ ತಿರುವಿನಲ್ಲಿ ಆರಿಸದೇ ಮುಂದೆ ಹೋಗುತ್ತಾಳೆ. ನನಗೆ ಹೆದರಿಕೆಯಾಯಿತು.

“ವಿ-ಏಟ್ ತಗೊ,” ಅಂದೆ. ಯಾಕೆಂದೂ ಹೇಳಿದೆ.

ಗೆದ್ದವರು ಖುಷಿಪಡಬೇಕು ತಾನೆ? ಭಾವನವರು ಕಂಗಾಲಾದರು. ಎದುರಾಳಿಯೇ ಇಲ್ಲದೆ ಊಟ ಅರಗುವುದು ಹೇಗೆ? ಸರಸರ ಮೊಬೈಲಿನಲ್ಲಿ ಹುಡುಕಿ, “ಹಾಗೆಲ್ಲ ಹೇಳ್ಬೇಡಿ ಭಾವ. ಈಗಿನ ಟರ್ಬೋಗಳು ಹಾಗಿಲ್ಲ, ನೀರು ಹರಿಸಿ ತಣ್ಣಗಿಡ್ತಾರೆ,” ಎಂದು ನಿಂತ ನಿಲುವಿನಲ್ಲೇ ಪಕ್ಷಾಂತರ ಮಾಡಿದರು.

“ಎಷ್ಟೇ ನೀರು ಹರಿಸಿದ್ರೂ ವಿ-ಏಟ್ ಮುಂದೆ ಅದು ಏನೂ ಅಲ್ಲ ಭಾವ,” ಅಂದೆ ನಾನು, ನಾಚಿಕೆಯ ಲವಲೇಶವೂ ಇಲ್ಲದೆ. ಸ್ವರ ಏರಿತು. ಮಗಳು ಅಷ್ಟರಲ್ಲಿ ಬಾಗಿಲ ಬಳಿ ನಿಂತು ತಂಡದ ಕಚೇರಿಗೆ ಫೋನ್ ಮಾಡಿ “ವಿ-ಏಟ್” ಎಂದು ಹೇಳಿ ಮುಗಿಸಿದ್ದಳು.

ಆಗ ನನಗೆ ಆ ಅಜ್ಜನ ನೆನಪಾಯಿತು. “ಅಲ್ಲ ಮಗಳೇ, ಇಷ್ಟು ದೊಡ್ಡ ವಿಷಯ ನಮಗೆ ಹೇಳಲೇ ಇಲ್ಲವಲ್ಲ ನೀನು.”

“ಹೇಳಿದೆ ಅಪ್ಪಾ,” ಅಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಅವತ್ತು ಮನೆಗೆ ಬಂದು, ಇಲ್ಲೇ ಕೂತು, ಎರಡು ಸಲ ಹೇಳಿದೆ. ನೀವಿಬ್ಬರೂ ಟರ್ಬೋ ವಿಷಯ ಮಾತಾಡ್ತಾ ಇದ್ರಿ.”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಈಗ ಹೇಳು,” ಅಂದೆ.

ಅವಳು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ನಾವು ಸುಮ್ಮನೇ ಇದ್ದೆವು. ಆಮೇಲೆ ಕುರ್ಚಿ ಎಳೆದು ಕೂತು, ಅವತ್ತು ಬೆಳಿಗ್ಗೆ ಗಾಡಿ ಹತ್ತಿದಲ್ಲಿಂದ ಹೇಳತೊಡಗಿದಳು.