ಕಾಗೆಯಿಲ್ಲದ ಊರಿಗೆ ಬಂದ ಸತ್ತವರು

ನನ್ನ ಕಥೆಯನ್ನು ಕದ್ದದ್ದೆಂದು ತುಂಬಿದ ಸಭೆಯಲ್ಲಿ ಸಾರಿದವರೇ, ಏಳು ವರ್ಷಗಳ ತರುವಾಯ ಅದನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಅನ್ಯಾಯ ಇಷ್ಟೇ. ಉಳಿದದ್ದು ವಿವರ, ಅದರಲ್ಲಿ ಒಂದನ್ನೂ ನಾನು ಮರೆತಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಸಿದ್ದಾಪುರದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಯಲ್ಲಾಪುರದ ಕೆಲವು ಸಾಹಿತ್ಯಾಸಕ್ತರು ಏರ್ಪಡಿಸಿದ್ದ ಸ್ಪರ್ಧೆಗೆ, ಜಗತ್ತು ಹಾಳಾದ ಮೇಲಿನ ಒಂದು ಕಥೆ ಕಳಿಸಿದೆ. ಸತ್ತವರು ಎದ್ದು ನಡೆಯುವ ಕಲ್ಪನೆ ನನ್ನದಲ್ಲ. ಶಿರಸಿಯ ವಿಡಿಯೋ ಅಂಗಡಿಯಿಂದ ಬಾಡಿಗೆಗೆ ತಂದ ಇಂಗ್ಲಿಷ್ ಕ್ಯಾಸೆಟ್ಟಿನದು. ಹಾಗೆಂದು ಜೊತೆಗಿಟ್ಟ ಪತ್ರದಲ್ಲಿ ನಾನೇ ಬರೆದಿದ್ದೆ. ಆದರೆ ಆ ಹೆಣಗಳಿಗೆ ಅಷ್ಟು ಹಸಿವೇಕೆ ಎಂಬುದನ್ನು ಕ್ಯಾಸೆಟ್ಟು ಹೇಳಿರಲಿಲ್ಲ. ನನ್ನ ಕಥೆಯಲ್ಲಿ ಕಾರಣವಿತ್ತು: ವಿಷಗಾಳಿಗೆ ಕಾಗೆಗಳೆಲ್ಲ ಸತ್ತಿವೆ, ಹತ್ತನೆಯ ದಿನ ಇಟ್ಟ ಪಿಂಡವನ್ನು ಮುಟ್ಟುವವರಿಲ್ಲ, ಅನ್ನ ತಲುಪದ ಸತ್ತವರು ತಾವೇ ಊಟಕ್ಕೆ ಬರುತ್ತಾರೆ.

ಬಹುಮಾನದ ದಿನ ತೀರ್ಪುಗಾರರು ಮೈಕಿನ ಮುಂದೆ ನನ್ನ ಹಸ್ತಪ್ರತಿ ಎತ್ತಿ ಹಿಡಿದರು. ಶಿರಸಿಯವರು, ನಾಲ್ಕಾರು ಪುಸ್ತಕ ಬರೆದು ಹೆಸರಾದವರು.

"ಮಾಸ್ತರ್ರೇ, ಇಂಗ್ಲಿಷ್ ಸಿನೆಮಾದ ಹೆಣಕ್ಕೆ ಪಂಚೆ ಉಡಿಸಿದ್ರೆ ಅದು ನಮ್ಮೂರಿನದಾಗ್ತದ್ಯಾ? ಮಕ್ಕಳು ಕಾಪಿ ಹೊಡೆದ್ರೆ ಬೆತ್ತ ತಗೊಳ್ತೀರಿ. ಈಗ ನಿಮಗೆ ಹೊಡೆಯೋದು ಯಾರು?"

ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಗಳೂ ನಕ್ಕರು. ಪತ್ರದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮರುವಾರ ಒಂಬತ್ತನೆಯ ತರಗತಿಯ ಬೋರ್ಡಿನ ಮೇಲೆ ಪಂಚೆಯುಟ್ಟ ಹೆಣದ ಚಿತ್ರವಿತ್ತು. ತೀರ್ಪುಗಾರರಲ್ಲಿ ಹಸ್ತಪ್ರತಿ ಮರಳಿ ಕೇಳಿದಾಗ, "ಎಲ್ಲೋ ಇರಬೇಕು, ಹುಡುಕಿ ಕಳಿಸ್ತೇನೆ" ಎಂದರು. ಕಳಿಸಲಿಲ್ಲ. ನಾನು ಮತ್ತೆ ಕಥೆ ಬರೆಯಲಿಲ್ಲ.

ಏಳು ವರ್ಷ ಕಳೆದು ಹುಲಗೋಳದ ನನ್ನ ತಂಗಿ, ಅದೇ ಮಹನೀಯರ ಹೊಸ ಕಾದಂಬರಿ ಓದಿ ಫೋನು ಮಾಡಿದಳು.

"ಅಣ್ಣಾ, ಇದ್ರಲ್ಲಿ ಕಾಗೆ ಇಲ್ಲೆ ಹೇಳಿ ಸತ್ತವು ಊಟಕ್ಕೆ ಬತ್ತ. ಒಂದು ಹೆಂಗಸು ನಶ್ಯದ ಡಬ್ಬಿ ತಟ್ಟಿ ಗಂಡನ್ನ ನಿಲ್ಲಿಸ್ತು. ಅದು ನಮ್ಮನೆ ಆಯಿ ಮಾಡಿದ್ದಲ್ದಾ?"

ಹೌದು. ಅಪ್ಪನ ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ದನ ಸಾಕುತ್ತೇವೆ, ತಂಗಿಯ ಮದುವೆ ಮಾಡುತ್ತೇವೆ ಎಂದು ನಾವೆಲ್ಲ ಮಾತು ಕೊಟ್ಟು ಸೋತಿದ್ದೆವು. ಆಗ ಆಯಿ, ನಮ್ಮ ಅಮ್ಮ, ಅಪ್ಪನ ನಶ್ಯದ ಡಬ್ಬಿ ತಂದು ಮುಚ್ಚಳವನ್ನು ಮೂರು ಸಲ ತಟ್ಟಿದಳು. ಕಾಗೆ ಇಳಿಯಿತು. ನನ್ನ ಕಥೆಯಲ್ಲಿ ಆ ಸದ್ದಿಗೆ ಸತ್ತವರು ನಿಲ್ಲುತ್ತಿದ್ದರು.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಆ ಮಹನೀಯರು ಸಿಕ್ಕಾಗ ಕೇಳಿಯೇಬಿಟ್ಟೆ. ಅವರು ನಕ್ಕರು.

"ಕಾಗೆ ಎಲ್ಲಾರ ಮನೆ ಮಾಡಿನ ಮೇಲೂ ಕೂರ್ತದೆ ಮಾಸ್ತರ್ರೇ. ಅದಕ್ಕೂ ನಿಮ್ಮ ಹತ್ರ ಪಟ್ಟಾ ಇದ್ಯಾ?"

ಮಾತು ಪೂರ್ತಿ ಸುಳ್ಳಲ್ಲ. ಕಾಗೆ ಅವರಿಗೂ ಹೊಳೆದಿರಬಹುದು. ಸೋಂದಾದ ಒಬ್ಬರು, ಯಲ್ಲಾಪುರದ ಇಬ್ಬರು ಪುರೋಹಿತರನ್ನು ವಿಚಾರಿಸಿದೆ. ಡಬ್ಬಿ ತಟ್ಟುವ ಪದ್ಧತಿಯನ್ನು ಅವರು ಕೇಳಿರಲಿಲ್ಲ. ಆದರೂ ನನ್ನ ಸಂಶಯವನ್ನೇ ಸಂಶಯಿಸಿ, ಆ ಮಹನೀಯರ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ಅಪ್ಪನ ಡಬ್ಬಿ ಹಿತ್ತಾಳೆಯದು. ಕಥೆಯಲ್ಲಿ, ಮನೆತನದ ಅಂತಸ್ತಿಗೆಂದು, ನಾನು ಬೆಳ್ಳಿಯದೆಂದು ಸುಳ್ಳು ಬರೆದಿದ್ದೆ. ಅವರದೂ ಬೆಳ್ಳಿಯದು. ತಟ್ಟಿದ್ದೂ ಮೂರೇ ಸಲ.

ಸ್ವಾಮೀ, ಕದ್ದದ್ದೆಂದು ನೀವೇ ತೀರ್ಪಿತ್ತ ಆ ಕಥೆಯಲ್ಲಿ, ಮರಳಿಸದೆ ಇಟ್ಟುಕೊಳ್ಳುವಂಥದ್ದು ನಿಮಗೆ ಏನು ಕಂಡಿತ್ತು?