ದೊಡ್ಡಮ್ಮನ ಮಂಡಿ ಮತ್ತು ಊರಿನ ಮಳೆ

ನಮ್ಮ ಊರಿಗೆ ಚಳಿಗಾಲವಿಲ್ಲ. ವರ್ಷದಲ್ಲಿ ಕೆಲವೇ ವಾರ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುತ್ತೇವೆ, ಅದನ್ನೇ ಚಳಿಗಾಲ ಎಂದುಕೊಂಡು ಖುಷಿಪಡುತ್ತೇವೆ. ಆಮೇಲೆ ಒಣ ಬಿಸಿಲು. ಬಿಸಿಲು ಮುಗಿಯುವ ಮೊದಲೇ ಸೆಕೆ. ಸ್ನಾನ ಮಾಡಿ ಬಂದರೆ ಟವೆಲಿನಲ್ಲಿ ಒರೆಸಿಕೊಳ್ಳುವುದು ನೀರನ್ನೋ ಬೆವರನ್ನೋ ತಿಳಿಯದಂಥ ಸೆಕೆ. ಅದರ ಹಿಂದೆ ದೊಡ್ಡ ಮಳೆ. ಬಾಗಿಲುಗಳು ಉಬ್ಬಿಕೊಂಡು ಹಾಕಲು ಬರುವುದಿಲ್ಲ, ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುತ್ತದೆ. ಇದೂ ಮುಗಿಯಿತಪ್ಪಾ ಎನ್ನುವಷ್ಟರಲ್ಲಿ ಮಧ್ಯಾಹ್ನದ ಮಳೆಯ ತಿಂಗಳುಗಳು: ಬೆಳಿಗ್ಗೆ ಸಾಧು ಬಿಸಿಲು, ಊಟದ ಹೊತ್ತು ಕಳೆದರೆ ಆಕಾಶಕ್ಕೆ ತೂತು. ಹೊರಗಿನಿಂದ ಬಂದವರು "ಅಬ್ಬಾ, ಎಷ್ಟು ಹಸಿರು!" ಎಂದು ಬಾಯಿ ಬಿಡುತ್ತಾರೆ. ಅವರೇನು, ಒದ್ದೆ ಬಟ್ಟೆ ಒಣಗಿಸಬೇಕಾದವರಲ್ಲವಲ್ಲ.

ನಾವು ಒಣಗಿಸಬೇಕಾದವರು. ನಾನು, ನನ್ನ ಅಮ್ಮನ ಅಕ್ಕ, ಇನ್ನೂ ಕೆಲವರು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿದ್ದೇವೆ. ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರಗಳು. ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಮಡಚುವ ಮೇಜು, ಅದರ ಎರಡು ಬದಿಗೆ ಎರಡು ಕುರ್ಚಿ. ಒಂದು ನನ್ನದು. ಒಣಗಿಸುವ ತಂತಿಗಳಿರುವುದು ಮಾತ್ರ ಮೂರು ಮಹಡಿ ದಾಟಿ ತಾರಸಿಯಲ್ಲಿ. ಒಂದು ಕಾಲದಲ್ಲಿ ಬುಟ್ಟಿಗಳು ಲಿಫ್ಟಿನಲ್ಲೇ ಹೋಗುತ್ತಿದ್ದವಂತೆ. ನೀರು ಸೋರಿ ಯಾರೋ ದೊಡ್ಡವರು ಜಾರಿ ಬಿದ್ದರು, ಅವತ್ತಿನಿಂದ ನಮಗೆ ಮೆಟ್ಟಿಲೇ ಗತಿಯಾಯಿತು. ಒಣಗಿಸುವ ಯಂತ್ರವೂ ಒಂದಿದೆ, ಇಲ್ಲವೆಂದಲ್ಲ. ಅದು ಮಳೆಯಲ್ಲಿ ಮಾತ್ರ. ಬಿಸಿಲಿರುವಾಗ ಅದನ್ನು ಹಚ್ಚಿದರೆ ಆಫೀಸಿನವರ ಹೊಟ್ಟೆ ಉರಿಯುತ್ತದೆ.

ದೊಡ್ಡಮ್ಮ ತಾರಸಿಯವಳು. ಕೂದಲು ಕಪ್ಪಾಗಿದ್ದಾಗ ಹತ್ತಿದವಳು, ಪೂರ್ತಿ ನರೆತ ಮೇಲೂ ಹತ್ತುತ್ತಲೇ ಇದ್ದಳು. ನಾನು ಅವಳನ್ನು ದೊಡ್ಡಮ್ಮ ಎನ್ನುವುದು ಕೇಳಿ ಇಡೀ ಆಸ್ಪತ್ರೆಗೆ ಅವಳು ದೊಡ್ಡಮ್ಮನೇ ಆದಳು. ಅವಳು ಹೆಸರಾದದ್ದು ಕೆಲಸದಿಂದಲ್ಲ, ಮಂಡಿಯಿಂದ.

ಅದು ಶುರುವಾದದ್ದು ಹೀಗೆ. ನಮ್ಮ ವಿಭಾಗಕ್ಕೆ ಆಗಷ್ಟೇ ಹೊಸ ಮೇಡಂ ಬಂದಿದ್ದರು. ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಕೋಟಿನ ಕಾಲರಿಗೆ ಸಾಲಾಗಿ ಹಾಕಿಕೊಂಡು ಓಡಾಡುತ್ತಿದ್ದುದರಿಂದ ನಾವು ಅವರಿಗೆ ಕ್ಲಿಪ್ ಮೇಡಂ ಎಂದು ಹೆಸರಿಟ್ಟೆವು, ಬೆನ್ನ ಹಿಂದೆ ಮಾತ್ರ. ಒಂದು ಮಧ್ಯಾಹ್ನ ಅವರು ತಾರಸಿಗೆ ಬಂದರೆ ದೊಡ್ಡಮ್ಮ ಬಕೆಟ್ ಬೋರಲು ಹಾಕಿಕೊಂಡು ಕೂತುಬಿಟ್ಟಿದ್ದಾಳೆ. "ಯಾಕಮ್ಮಾ, ಕೆಲಸ ಮುಗೀತಾ?" ಎಂದರು. ನೋವು ಎಂದವರಿಗೆ "ಹಾಗಾದ್ರೆ ಮನೇಲೇ ಇದ್ದುಬಿಡಿ" ಎನ್ನುತ್ತಿದ್ದ ಕಾಲ ಅದು. ದೊಡ್ಡಮ್ಮ ಉಗುಳು ನುಂಗಿ, "ಮಂಡಿ ಹಿಡ್ಕೊಂಡಿದೆ ಮೇಡಂ. ಮಳೆ ಬರುತ್ತೆ ಅನ್ಸುತ್ತೆ" ಎಂದಳು. ಬಾಯಿಗೆ ಬಂದದ್ದನ್ನು ಹೇಳಿದಳು, ಅಷ್ಟೆ. ಮೇಡಂ ಹೊಸಬರು, ಕೆಲಸದಲ್ಲಿ ಹುರುಪು. ಎಲ್ಲ ಬಟ್ಟೆ ತೆಗೆಸಿದರು. ಕೊನೆಯ ಹಾಸು ಒಳಗೆ ಬಂತೋ ಇಲ್ಲವೋ, ಮಳೆ ಹೊಯ್ಯಿತು.

ಆಮೇಲೆ ಅದೇ ಪದ್ಧತಿಯಾಯಿತು. ದೊಡ್ಡಮ್ಮ ಕೂತರೆ ಬಟ್ಟೆ ತೆಗೆಯಬೇಕು. ಯಾರೂ ಬರೆದಿಟ್ಟದ್ದಲ್ಲ, ಆದರೆ ಬರೆದಿಟ್ಟ ನಿಯಮಗಳಿಗೆ ನಮ್ಮಲ್ಲಿ ಅಷ್ಟು ಮರ್ಯಾದೆ ಇಲ್ಲ. ಆಂಬುಲೆನ್ಸ್ ಡ್ರೈವರ್ ಗಾಡಿ ತೊಳೆಯುವ ಮುಂಚೆ ಅವಳನ್ನು ಕೇಳುತ್ತಿದ್ದ. ನರ್ಸುಗಳು ಛತ್ರಿ ತರಬೇಕೋ ಬೇಡವೋ ಕೇಳುತ್ತಿದ್ದರು. ಅವಳಿಗೆ "ಮಂಡಿ ಇಲಾಖೆ" ಎಂದು ಹೆಸರಿಟ್ಟವನೂ ಆ ಡ್ರೈವರೇ. "ರೇಡಿಯೋದವರು ಬರುತ್ತೆ ಅಂದ್ರು, ಇಲಾಖೆಯವರು ಏನಂತೀರಿ?" ಎಂದು ಕೈ ಕಟ್ಟಿ ನಿಲ್ಲುತ್ತಿದ್ದ. ದೊಡ್ಡಮ್ಮ ಮಂಡಿಯನ್ನು ಒಮ್ಮೆ ನೀವಿಕೊಂಡು, ಆಕಾಶ ನೋಡಿ, ಗಂಭೀರವಾಗಿ ತೀರ್ಪು ಕೊಡುತ್ತಿದ್ದಳು.

ನಿಜ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಮಂಡಿ ದಿನವೂ ನೋಯುತ್ತಿತ್ತು. ಮಳೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹಾಗಿದ್ದರೆ ಅವಳ ಮಾತು ಸುಳ್ಳಾಗುತ್ತಿರಲಿಲ್ಲ ಯಾಕೆ? ಅದು ನಮ್ಮ ಊರಿನ ಹವೆಯ ಕೃಪೆ. ಮಳೆಯ ತಿಂಗಳುಗಳಲ್ಲಿ ಊಟದ ನಂತರ ಯಾವಾಗ ಕೂತರೂ ಸ್ವಲ್ಪ ಹೊತ್ತಿಗೆ ಮಳೆ ಬಂದೇ ಬರುತ್ತದೆ. ಒಣ ತಿಂಗಳುಗಳಲ್ಲಿ ದೊಡ್ಡಮ್ಮ ಕೂರುತ್ತಲೇ ಇರಲಿಲ್ಲ.

ಕೂರುವುದೇ ಇಲ್ಲ ಎಂದರೆ ಏನು ಎನ್ನುವುದು ಕೂರುವವರಿಗೆ ಅರ್ಥವಾಗುವುದಿಲ್ಲ. ತಾರಸಿಯ ಸಿಮೆಂಟು ಕಾದು ಚಪ್ಪಲಿಯೊಳಗೆ ಬಿಸಿ ಏರುತ್ತದೆ. ಒದ್ದೆ ಹಾಸು ಎಂದರೆ ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ, ಇದ್ದುದಕ್ಕಿಂತ ಹೆಚ್ಚು ಭಾರ. ಉಳಿದ ಹೆಂಗಸರು ಮೆಟ್ಟಿಲ ಕೋಣೆಯ ನೆರಳಿನಲ್ಲಿ ಕಾಲು ಚಾಚಿ ಚಹಾ ಕುಡಿಯುವಾಗ ಇವಳು ನೀರಿನ ಟ್ಯಾಂಕಿಗೆ ಒರಗಿ, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತಾ ಕೊಕ್ಕರೆಯಂತೆ ನಿಂತಿರುತ್ತಿದ್ದಳು. "ಕೂತ್ಕೋ ಅಕ್ಕಾ" ಎಂದು ಅವರು ಹೇಳುವಂತಿಲ್ಲ. ಕೂತರೆ ಅವರೇ ಎದ್ದು ಓಡಬೇಕು. ಊರೆಲ್ಲ ಮಳೆಗೆ ಶಾಪ ಹಾಕುತ್ತಿದ್ದರೆ ನಮ್ಮ ದೊಡ್ಡಮ್ಮ ಒಬ್ಬಳು ಮಳೆ ಯಾವಾಗ ಬಂದೀತು ಎಂದು ಕಾಯುತ್ತಿದ್ದಳು. ಸಂಜೆ ಮನೆಗೆ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಸಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. "ತಟ್ಟೆ ಇಲ್ಲಿಗೇ ಕೊಡು" ಎನ್ನುತ್ತಿದ್ದಳು. ಮಾತಾಡಲೂ ಅವಳಿಗೆ ಸಾಕಾಗಿರುತ್ತಿತ್ತು.

ಈ ವರ್ಷ ಬಿಸಿಲು ಏರುತ್ತಿದ್ದಾಗ ಮಡಚುವ ಮೇಜಿನ ನನ್ನ ಜೊತೆಗಾತಿ ನಿವೃತ್ತಳಾದಳು. ಎದುರಿನ ಕುರ್ಚಿ ಖಾಲಿಯಾಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ: ಅದರಲ್ಲಿ ದೊಡ್ಡಮ್ಮ ಕೂರಬೇಕು. ಇನ್ನೊಂದು ವರ್ಷ ಆ ಮೆಟ್ಟಿಲು ಹತ್ತಿದರೆ ಆಮೇಲೆ ಅವಳನ್ನು ಎತ್ತಿಕೊಂಡು ಓಡಾಡಬೇಕಾಗುತ್ತದೆ ಎಂದು ನನಗೆ ಭಯವಾಗಿತ್ತು. ನಾನೇ ಹೋಗಿ ಮೇಡಂ ಹತ್ತಿರ ಕೇಳಿದೆ.

"ದೊಡ್ಡಮ್ಮನ್ನ ಕೆಳಗೆ ತಂದ್ರೆ ಮೇಲೆ ಮಳೆ ವಿಷಯ ಯಾರು ಹೇಳ್ತಾರೆ?" ಎಂದರು ಮೇಡಂ. "ನಿಮ್ಮ ಕಿಟಕಿ ಇಲ್ದಿರೋ ಕೋಣೇಲಿ ಕೂರಿಸಿದ್ರೆ ಆ ಮಂಡಿ ಇದ್ದೂ ಏನುಪಯೋಗ? ಬೇರೆ ಯಾರನ್ನಾದ್ರೂ ನೋಡೋಣ. ಈ ವಾರದಲ್ಲಿ ಹೇಳ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ದೊಡ್ಡಮ್ಮನ ಮುಂದೆ ನಿಂತೆ.

"ನಿಜ ಹೇಳಿಬಿಡು. ಮಂಡಿಗೆ ಮಳೆ ಗಿಳೆ ಏನೂ ಗೊತ್ತಾಗಲ್ಲ, ದಿನಾ ನೋಯುತ್ತೆ ಅಂತ. ಕುರ್ಚಿ ನಿಂಗೇ ಸಿಗುತ್ತೆ."

"ಹೇಳಿ? ಇಷ್ಟು ವರ್ಷ ಎಲ್ರಿಗೂ ಟೋಪಿ ಹಾಕ್ತಿದ್ದೆ ಅಂತ ಹೆಸರು ತಗೊಳ್ಳಲಾ?"

"ಹೆಸರು ಇಟ್ಕೊಂಡು ಏನು ಮಾಡ್ತೀಯ, ಕಾಲಿಗೆ ಹಚ್ಕೋತೀಯ?"

"ನಿಂಗೇನೇ ಗೊತ್ತು," ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ಶಕ್ತಿ ಬೇಕಲ್ಲ. "ಡಾಕ್ಟ್ರು ಕೂಡ ನಿಂತು ನನ್ನ ಮಾತಾಡಿಸಿ ಹೋಗ್ತಾರೆ. ಬಟ್ಟೆ ಒಣಗಿಸೋಳ್ನ ಯಾರಾದ್ರೂ ಮಾತಾಡಿಸ್ತಾರಾ? ಮಂಡೀನ ಮಾತಾಡಿಸ್ತಾರೆ. ಅದೂ ಹೋದ್ರೆ ನಾನು ಯಾರು?"

ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದೆ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಸ್ಟೂಲಿನ ಮೇಲೇ ತೂಕಡಿಸುತ್ತಿದ್ದಳು.

ಎರಡು ದಿನ ಕಳೆದಿತ್ತು. ಒಣಗಿದ ಬಟ್ಟೆ ತರಲು ನಾನು ತಾರಸಿಗೆ ಹೋಗಿದ್ದೆ. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಬೆಳಕಿಗೆ ಬಿಳಿ ಹಾಸುಗಳನ್ನು ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳ ಸಾಲಿನಲ್ಲಿ ದೊಡ್ಡಮ್ಮ ಕೈ ಮೇಲೆತ್ತಿ ಕ್ಲಿಪ್ ಹಾಕುತ್ತಿದ್ದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು, ಕಾಲು ಮಾತ್ರ ಮಡಚಿಕೊಂಡಿತು. ತಂತಿ ಹಿಡಿದುಕೊಳ್ಳಲು ನೋಡಿದಳು, ಸಿಗಲಿಲ್ಲ. ಕಾದ ನೆಲದ ಮೇಲೆ ಕೂತುಬಿಟ್ಟಳು.

"ದೊಡ್ಡಮ್ಮ ಕೂತ್ಲು!" ಎಂದು ಯಾರೋ ಕೂಗಿದರು.

ನೆರಳಿನಲ್ಲಿದ್ದವರೆಲ್ಲ ಚಹಾ ಬಿಟ್ಟು ಓಡಿಬಂದರು. ನಾನು "ಬೇಡ, ತೆಗೀಬೇಡಿ" ಎಂದು ಅರಚಿದೆ. ಯಾರು ಕೇಳುತ್ತಾರೆ? ಮೇಲೆ ನೋಡುವ ಅಭ್ಯಾಸವೇ ಅವರಿಗೆ ಹೋಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿದರು. ಅರ್ಧ ಒಣಗಿದ್ದು, ನೀರು ತೊಟ್ಟಿಕ್ಕುತ್ತಿದ್ದದ್ದು, ಎಲ್ಲ ಒಟ್ಟಿಗೆ. ಕೆಳಗೆ ವಾರ್ಡುಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳಿಸಿತು. ಡ್ರೈವರ್ ತನ್ನ ಬಕೆಟ್ಟಿನ ನೀರನ್ನು ಚೆಲ್ಲಿ ಗಾಡಿಯನ್ನು ಶೆಡ್ಡಿಗೆ ಹಾಕಿದ.

ಆಮೇಲೆ ಎಲ್ಲರೂ ಮಳೆಗೆ ಕಾದರು. ನಾನು ದೊಡ್ಡಮ್ಮನನ್ನು ಎಬ್ಬಿಸಲು ನೋಡಿದೆ, ಆಗಲಿಲ್ಲ. ಹೇಗೋ ಎಳೆದು ಟ್ಯಾಂಕಿನ ನೆರಳಿಗೆ ತಂದು ಗೋಡೆಗೆ ಒರಗಿಸಿದೆ. ಬಿಸಿಲು ಇದ್ದಲ್ಲೇ ಇತ್ತು. ಮೆಟ್ಟಿಲ ಕೋಣೆಯಲ್ಲಿ ರಾಶಿ ಬಿದ್ದ ಬಟ್ಟೆಯಿಂದ ಮುಗ್ಗಲು ವಾಸನೆ ಏಳತೊಡಗಿತು. ಮೇಲಿನ ವಾರ್ಡಿನ ನರ್ಸು ಬಂದು ಹಾಸು ಕೇಳಿದಳು, ಇಲ್ಲ. ಥಿಯೇಟರಿನವರು ಬಟ್ಟೆ ಕೇಳಿದರು, ಅದೂ ಇಲ್ಲ. ಕೊನೆಗೆ ಕ್ಲಿಪ್ ಮೇಡಂ ಏದುಸಿರು ಬಿಡುತ್ತಾ ಮೇಲೆ ಬಂದರು. ಖಾಲಿ ತಂತಿಗಳನ್ನು ನೋಡಿದರು, ಆಕಾಶ ನೋಡಿದರು.

"ಎಲ್ಲಮ್ಮಾ ಮಳೆ?"

ದೊಡ್ಡಮ್ಮ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮ ಮಂಡಿ ನಂಬಿ ಇಡೀ ಆಸ್ಪತ್ರೆ ಬಟ್ಟೆ ತೆಗೆದು ಕೂತಿದೆ. ಕೆಟ್ಟುಹೋಯ್ತಾ ಅದೂ?"

"ಕೆಟ್ಟು ಬಹಳ ವರ್ಷ ಆಯ್ತು ಮೇಡಂ."

"ಅಂದ್ರೆ? ಈಗ ನೋಯ್ತಿಲ್ವಾ?"

"ನೋಯ್ತಿದೆ. ನಿನ್ನೆನೂ ನೋಯ್ತಿತ್ತು. ಬಿಸಿಲಲ್ಲೂ ನೋಯುತ್ತೆ, ಮಳೇಲೂ ನೋಯುತ್ತೆ. ಮಳೆ ಬರೋದು ಅದಕ್ಕೆ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗ್ತಿರಲಿಲ್ಲ."

ಬಟ್ಟೆಯ ಬುಟ್ಟಿ ಹಿಡಿದವರೆಲ್ಲ ಹಾಗೇ ನಿಂತರು. ಮೇಡಂ ಮುಖ ಕೆಂಪಾಯಿತು. "ದಿನಾ ನೋಯ್ತಿತ್ತು ಅಂತೀರ. ಮತ್ತೆ ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲ? ನಾನು ದಿನಾ ಬೆಳಿಗ್ಗೆ ಬಂದು ಮಂಡಿ ಹೇಗಿದೆ ಅಂತ ಕೇಳ್ತಿರಲಿಲ್ವಾ?"

"ಕೇಳ್ತಿದ್ರಿ," ಎಂದಳು ದೊಡ್ಡಮ್ಮ. "ಮಳೆ ಬರುತ್ತಾ ಅಂತ ತಿಳ್ಕೊಳ್ಳೋಕೆ ಕೇಳ್ತಿದ್ರಿ. ನಾನೂ ಅದಕ್ಕೇ ಉತ್ತರ ಕೊಡ್ತಿದ್ದೆ. ನೋವಿದೆಯಾ ಅಂತ ಯಾರೂ ಕೇಳ್ಲಿಲ್ಲ ಮೇಡಂ."

ಆ ಮಾತು ಮೇಡಂಗೆ ಹೇಳಿದ್ದು. ಬಡಿದದ್ದು ನನಗೂ. ಬೆಳಿಗ್ಗೆ ಮನೆಯ ಬಟ್ಟೆ ಹೊರಗೆ ಹಾಕುವ ಮುಂಚೆ ತಮಾಷೆಗೆಂದು "ಏನಂತೆ ದೊಡ್ಡಮ್ಮಾ ನಿನ್ನ ಮಂಡಿ?" ಎಂದು ನಾನೂ ಕೇಳುತ್ತಿದ್ದೆನಲ್ಲ. ನೋವು ಗೊತ್ತಿದ್ದವಳು ನಾನು, ಆದರೂ ಕೇಳಿದ್ದು ಮಳೆಯನ್ನೇ. ನನಗೆ ಅಲ್ಲೇ ಅಳು ಬಂತು, ಬೆವರು ಒರೆಸಿಕೊಳ್ಳುವವಳ ಹಾಗೆ ಮುಖ ಒರೆಸಿಕೊಂಡೆ.

ಮೇಡಂ ಕಾಲರಿನಿಂದ ಕ್ಲಿಪ್ಪುಗಳನ್ನು ಒಂದೊಂದೇ ಕಿತ್ತು, ಬುಟ್ಟಿಯಿಂದ ಹಾಸು ತೆಗೆದು ತಾವೇ ತಂತಿಗೆ ಹಾಕತೊಡಗಿದರು. ಉಳಿದವರೂ ಶುರು ಮಾಡಿದರು. ಎಲ್ಲ ಮುಗಿದ ಮೇಲೆ ಇಳಿದು ಹೋಗುವಾಗ ದೊಡ್ಡಮ್ಮನ ಕಡೆ ತಿರುಗದೆಯೇ, "ನಾಳೆಯಿಂದ ಇವರು ಮೇಲೆ ಬರೋದು ಬೇಡ, ಕೆಳಗೇ ಇರಲಿ" ಎಂದರು. ಅದು ದಯೆಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಕುರ್ಚಿ ಮಾತ್ರ ಸಿಕ್ಕಿತು.

ಈಗ ದೊಡ್ಡ ಮಳೆ ಶುರುವಾಗಿದೆ. ತಾರಸಿಗೆ ಯಾರೂ ಹೋಗುತ್ತಿಲ್ಲ, ಒಣಗಿಸುವ ಯಂತ್ರ ಸುಟ್ಟ ವಾಸನೆ ಬಿಡುತ್ತಾ ಬೆಳಿಗ್ಗೆಯಿಂದ ಸಂಜೆವರೆಗೆ ಗೊರಗುಟ್ಟುತ್ತದೆ. ದೊಡ್ಡಮ್ಮ ನನ್ನ ಎದುರಿನ ಕುರ್ಚಿಯಲ್ಲಿ ಕೂತು ದಿಂಬಿನ ಚೀಲ ಮಡಚುತ್ತಾಳೆ. ಡ್ರೈವರ್ ಬಾಗಿಲ ಮುಂದೆ ಹಾದು ಹೋಗುತ್ತಾನೆ, ನಿಲ್ಲುವುದಿಲ್ಲ. ಡಾಕ್ಟರುಗಳಿಗಂತೂ ಈ ಕೋಣೆ ಇರುವುದೇ ಗೊತ್ತಿಲ್ಲ. ಮೊದಲ ವಾರ ಅವಳು ಹೆಜ್ಜೆ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದಳು. ಆಮೇಲೆ ಬಿಟ್ಟಳು. ಕಾಲಿನ ಊತ ಸ್ವಲ್ಪ ಇಳಿದಿದೆ, ಮುಖವೂ ಇಳಿದಿದೆ. ಅವಳನ್ನು ಇಲ್ಲಿಗೆ ಎಳೆದು ತಪ್ಪು ಮಾಡಿದೆನೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಮರುಗಳಿಗೆಯೇ ಆ ಮೂರು ಮಹಡಿ ನೆನಪಾಗಿ ಸುಮ್ಮನಾಗುತ್ತೇನೆ.

ನಿನ್ನೆ ಮಧ್ಯಾಹ್ನ ಹಾಸಿನ ಎರಡು ತುದಿ ನಾನು, ಎರಡು ತುದಿ ಅವಳು ಹಿಡಿದಿದ್ದೆವು. ಕೇಳಿದೆ.

"ದೊಡ್ಡಮ್ಮಾ, ಮಂಡಿ ಹೇಗಿದೆ?"

ಅವಳು ಅಭ್ಯಾಸದಂತೆ ತಲೆಯೆತ್ತಿ ಮೇಲೆ ನೋಡಿದಳು. ಅಲ್ಲಿ ಟ್ಯೂಬ್ ಲೈಟ್ ಇತ್ತು.

"ನೋಯ್ತಿದೆ ಕಣೇ," ಎಂದಳು.

ಹಾಸನ್ನು ಮೇಜಿನ ಮೇಲಿಟ್ಟು ನಾನು ಆಚೆ ಬದಿಗೆ ಹೋಗಿ, ನೆಲಕ್ಕೆ ಕೂತು, ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ.

"ಎಲ್ಲಿ?" ಎಂದೆ.

"ಇಲ್ಲಿ," ಎಂದು ತೋರಿಸಿದಳು.