ಶಿವನಂಜಮ್ಮ ಮುರಿದ ಒಲೆಗಳು

ಕೆಸರೆಯ ಶಿವನಂಜಮ್ಮ ಹಾಸ್ಟೆಲ್ ಒಂದರಲ್ಲಿ ದಿನಕ್ಕೆ ನೂರು ರಾಗಿಮುದ್ದೆ ಕಟ್ಟುತ್ತಿದ್ದವಳು. 1956ರಲ್ಲಿ ಅವಳಿಗೆ ಒಲೆ ಮುರಿಯುವ ಕೆಲಸ ಸಿಕ್ಕಿತು. ನಂಬುವುದು ಕಷ್ಟ, ಆದರೆ ಅದಕ್ಕೆ ಸಂಬಳವೂ ಇತ್ತು.

ಲಂಡನ್ನಿನ ಕಂಪನಿಯೊಂದರ ಸೀಮೆಎಣ್ಣೆ ಒಲೆಗಳು ಮೈಸೂರು ಸೀಮೆಯಲ್ಲಿ ಕಾಲು ಮುರಿದುಕೊಂಡು ಸಾಲುಸಾಲಾಗಿ ಅಂಗಡಿಗೆ ವಾಪಸ್ಸಾಗುತ್ತಿದ್ದವು. ಕಾರಣ ತಿಳಿಯದೆ ಕಂಪನಿ ನಜರ್‌ಬಾದಿನಲ್ಲಿ ಮನೆಯೊಂದನ್ನು ಹಿಡಿದು, ಪ್ರಯೋಗಾಲಯವೆಂದು ಬೋರ್ಡು ಹಾಕಿ, ಹ್ಯಾರಿಸ್ ಎಂಬ ಎಂಜಿನಿಯರನ್ನು ಕಳಿಸಿತು. ದುಭಾಷಿ ಗುಮಾಸ್ತ ಸುಂದರೇಶ; ಒಲೆಯ ಮೇಲೆ ಮುದ್ದೆ ತಿರುವಿ ತೋರಿಸಲು ಸಂಬಳಕ್ಕೆ ಶಿವನಂಜಮ್ಮ.

"ಲಂಡನ್ನಿನಲ್ಲಿ ಈ ಒಲೆ ಸಾವಿರ ಗಂಟೆ ಉರಿದರೂ ಅಲ್ಲಾಡಲಿಲ್ಲವಂತೆ ಕಣಮ್ಮ," ಎಂದ ಸುಂದರೇಶ.

"ಮೇಲೆ ಏನು ಬೇಯಿಸಿದ್ರಂತೆ ಸ್ವಾಮಿ?"

ಸುಂದರೇಶ ಸಾಹೇಬರನ್ನು ಕೇಳಿ ಬಂದ. "ನೀರು ಕಾಯಿಸಿದರಂತೆ."

ಶಿವನಂಜಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಎಸರಿಗೆ ಹಿಟ್ಟು ಹಾಕಿ, ಕೋಲು ಹಿಡಿದು ತಿರುವತೊಡಗಿದಳು. ಐದನೇ ಸುತ್ತಿಗೆ ಒಲೆಯ ಮೂರು ಕಾಲೂ ಮೂರು ದಿಕ್ಕಿಗೆ ಹೋದವು. ಆ ವಾರ ನಾಲ್ಕು ಒಲೆ ಮುರಿದವು.

"ಸ್ವಲ್ಪ ಮೆಲ್ಲಗೆ ತಿರುವಬೇಕಂತೆ," ಎಂದ ಸುಂದರೇಶ.

"ಅಂಗೇ ಆಗ್ಲಿ ಬುಡಿ."

ಮರುದಿನ ಅವಳು ತೊಟ್ಟಿಲು ತೂಗಿದಷ್ಟು ಮೆಲ್ಲಗೆ ತಿರುವಿದಳು. ಒಲೆ ಮಿಸುಕಲಿಲ್ಲ. ಹ್ಯಾರಿಸ್ ಕುಣಿದಾಡಿಬಿಟ್ಟರು. ಅವಳು ತುಂಬ ವಿನಯದಿಂದ ಅದೇ ಮುದ್ದೆಯನ್ನು ಅವರ ತಟ್ಟೆಗೆ ಬಡಿಸಿದಳು. ಮುರಿದು ಬಾಯಿಗಿಟ್ಟರೆ ಒಳಗೆಲ್ಲ ಹಸಿಹಿಟ್ಟಿನ ಗಂಟು! ಕೆಮ್ಮಿದ ಸಾಹೇಬರ ಮೀಸೆಯೆಲ್ಲ ರಾಗಿ.

"ಮೆಲ್ಲಗೆ ತಿರುವಿದ್ರೆ ಇಂಗೇ ಕಣ್ರೀ ಆಗೋದು," ಎಂದಳು.

ಹ್ಯಾರಿಸ್ ಅಂಗಿಯ ತೋಳು ಮಡಚಿ ತಾವೇ ಕೋಲು ಹಿಡಿದರು. ಪಾತ್ರೆ, ಒಲೆ, ಸಾಹೇಬರು ಮೂವರೂ ಒಟ್ಟಿಗೇ ಉರುಳಿದರು. ಸಂಜೆ ಅವರು ಲಂಡನ್ನಿಗೆ ಬರೆದರು: 'ಇದು ಅಲ್ಲಿ ಕೂತು ತಿಳಿಯುವ ಸಂಗತಿಯಲ್ಲ. ಒಲೆ ಎಲ್ಲಿ ಉರಿಯುತ್ತದೋ ಪ್ರಯೋಗಾಲಯವೂ ಅಲ್ಲೇ ಇರಬೇಕು.'

ಮೂರು ತಿಂಗಳಲ್ಲಿ ಅಗಲ ಪಾದದ, ಪಾತ್ರೆಯನ್ನು ಬಿಗಿಯಾಗಿ ಹಿಡಿಯುವ ಬಳೆಯಿದ್ದ ಒಲೆ ಸಿದ್ಧವಾಯಿತು. ಶಿವನಂಜಮ್ಮ ಮೈಬಲವೆಲ್ಲ ಹಾಕಿ ತಿರುವಿದರೂ ಜಗ್ಗಲಿಲ್ಲ. ಒಳಗೊಳಗೇ ಹಿಗ್ಗಿದಳು.

"ಪರವಾಗಿಲ್ಲ," ಎಂದಳು.

ಸುಂದರೇಶ ಅದನ್ನು ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಿದ.

"ನಾನು ಅಷ್ಟುದ್ದ ಹೇಳ್ಲಿಲ್ವಲ್ಲ ಸ್ವಾಮಿ?"

ಕಂಪನಿ ಪ್ರಯೋಗಾಲಯವನ್ನು ಕಾಯಂ ಮಾಡಿತು, ಅವಳ ಕೆಲಸವನ್ನೂ. ಹೊಸ ಮಾದರಿಯ ಮೊದಲ ಒಲೆಯನ್ನು ಅವಳಿಗೇ ಉಡುಗೊರೆ ಕೊಟ್ಟಿತು. ಮನೆಯಲ್ಲಿ ಅವಳು ಅದರ ಮೇಲೆ ಕಾಫಿ ಮಾತ್ರ ಕಾಯಿಸುತ್ತಿದ್ದಳು. ಮುದ್ದೆಗೆ ಸೌದೆ ಒಲೆಯೇ ರುಚಿ ಎಂಬುದನ್ನು ಸಾಹೇಬರಿಗೆ ಹೇಳುವ ಗೋಜಿಗೆ ಅವಳು ಹೋಗಲಿಲ್ಲ.